ಹೋಟೆಲ್ ಮಸಾಲೆ ದೋಸೆ, ಮನೆಯ ಒಲೆಯ ಮೇಲೆ

ಮನೆಯಲ್ಲಿ ಮಾಡಿದ ಮಸಾಲೆ ದೋಸೆಯನ್ನು ಎಲ್ಲರೂ ಇಷ್ಟಪಟ್ಟೇ ತಿನ್ನುತ್ತಾರೆ. ಆದರೆ ಕೈ ತೊಳೆಯುವ ಹೊತ್ತಿಗೆ ಯಾರಾದರೊಬ್ಬರು ಹೇಳಿಯೇ ಬಿಡುತ್ತಾರೆ: ‘ಚೆನ್ನಾಗಿತ್ತು, ಆದ್ರೆ ಹೋಟೆಲ್ ದೋಸೆ ಥರ ಬರ್ಲಿಲ್ಲ.’ ಹೇಳಿದವರದ್ದು ತಪ್ಪೇನಿಲ್ಲ. ಮನೆಯ ದೋಸೆಗೆ ನಡುವೆ ಬಣ್ಣ ಬಂದರೆ ಅಂಚು ಬೆಳ್ಳಗೆ ಉಳಿಯುತ್ತದೆ. ಅಂಚು ಕೆಂಪಾಗಲಿ ಎಂದು ಕಾದರೆ ನಡು ಸೀಯುತ್ತದೆ. ಕಾವಲಿಯ ಮೇಲಿದ್ದಾಗ ಗರಿಗರಿ ಎನಿಸಿದ್ದು ತಟ್ಟೆಗೆ ಬಂದು ಎರಡು ನಿಮಿಷಕ್ಕೆ ಮೆತ್ತಗಾಗುತ್ತದೆ.

ಆಗ ಅನುಮಾನವೆಲ್ಲ ಹಿಟ್ಟಿನ ಮೇಲೆ. ಹೋಟೆಲಿನವರು ಮೈದಾ ಬೆರೆಸುತ್ತಾರಂತೆ, ಸೋಡಾ ಹಾಕುತ್ತಾರಂತೆ, ಅವರ ಹತ್ತಿರ ಏನೋ ಪುಡಿ ಇದೆಯಂತೆ. ಕೆಲವು ಕಡೆ ಒಂದಿಷ್ಟು ಮೈದಾ ಅಥವಾ ಚಿರೋಟಿ ರವೆ ಬೆರೆಸುವುದುಂಟು, ನಿಜ. ಆದರೆ ಅವು ಇಲ್ಲದೆಯೂ ಒಳ್ಳೆಯ ಹೋಟೆಲ್ ದೋಸೆ ಆಗುತ್ತದೆ. ಅಕ್ಕಿ, ಉದ್ದು, ಮೆಂತ್ಯ, ಅವಲಕ್ಕಿ, ಒಂದೆರಡು ಚಮಚ ಬೇಳೆ, ಇವೆಲ್ಲ ನಿಮ್ಮ ಮನೆಯ ಡಬ್ಬಿಗಳಲ್ಲೇ ಇವೆ. ಮನೆಗೂ ಹೋಟೆಲಿಗೂ ದೊಡ್ಡ ಅಂತರ ಇರುವುದು ಒಲೆಯ ಮೇಲೆ: ಕಾವಲಿಯ ದಪ್ಪದಲ್ಲಿ, ಅದು ಹಿಡಿದಿಟ್ಟುಕೊಳ್ಳುವ ಕಾವಿನಲ್ಲಿ, ಹಿಟ್ಟು ಹೊಯ್ಯುವ ಕ್ಷಣಕ್ಕೆ ಆ ಕಾವು ಎಷ್ಟಿದೆ ಎಂಬ ಅಂದಾಜಿನಲ್ಲಿ. ಆ ಕಾವನ್ನು ಮನೆಯಲ್ಲಿ ಹೇಗೆ ಪಳಗಿಸಿಕೊಳ್ಳಬಹುದು ಎನ್ನುವುದೇ ಈ ಬರಹದ ಮುಖ್ಯ ವಿಷಯ. ಹಿಟ್ಟಿನ ಮಾತನ್ನೂ ಬಿಡುವುದಿಲ್ಲ, ಏಕೆಂದರೆ ಬಣ್ಣದ ಒಂದು ಪಾಲು ಅಲ್ಲಿಂದಲೇ ಬರಬೇಕು.

ಮೊದಲು ಯಾವ ದೋಸೆ ಎಂದು ಗೊತ್ತುಮಾಡಿಕೊಳ್ಳಿ

‘ಹೋಟೆಲ್ ದೋಸೆ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ, ಆದರೆ ಊರೂರಿಗೆ ಅದು ಬೇರೆ. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನದ ದೋಸೆ ಸ್ವಲ್ಪ ದಪ್ಪ. ಹೊರಮೈ ಕೆಂಪಗೆ ಗರಿಗರಿ, ಒಳಗೆ ಮೆದು. ಮಲ್ಲೇಶ್ವರದ ಸಿಟಿಆರ್‌ನ ಬೆಣ್ಣೆ ಮಸಾಲೆ ದೋಸೆಯದು ಇನ್ನೂ ಗಾಢವಾದ ಹೊಂಬಣ್ಣ. ಮುರಿದರೆ ಸದ್ದು ಬರುತ್ತದೆ. ಮೈಸೂರಿನ ನಜರ್‌ಬಾದಿನ ಮೈಲಾರಿಯಲ್ಲಿ ಗರಿಗರಿಯ ಮಾತೇ ಇಲ್ಲ, ಬಾಯಿಗಿಟ್ಟರೆ ಕರಗುವಷ್ಟು ಮೆತ್ತನೆಯ ದೋಸೆ, ಮೇಲೊಂದು ಬೆಣ್ಣೆ ಮುದ್ದೆ. ದಾವಣಗೆರೆಯ ಬೆಣ್ಣೆ ದೋಸೆಯ ಹಿಟ್ಟಿಗೆ ಮಂಡಕ್ಕಿ ಬೀಳುತ್ತದೆ. ಜೊತೆಗೆ ಅರಿಸಿನವಿಲ್ಲದ ಬಿಳಿ ಆಲೂಗಡ್ಡೆ ಪಲ್ಯ ಮತ್ತು ಕಾಯಿ ಚಟ್ನಿ. ಅಲ್ಲಿಯವರು ಸಾಂಬಾರು ಕೇಳುವುದಿಲ್ಲ.

ಒಂದರ ವಿಧಾನ ಹಿಡಿದು ಇನ್ನೊಂದರ ರುಚಿ ಹುಡುಕಿದರೆ ಸಿಗದು. ಮೈಲಾರಿಯ ಮೃದುತನ ಬೇಕೆನ್ನುವವರು ಕಾವಲಿಯನ್ನು ಸಿಟಿಆರ್‌ನಂತೆ ಕಾಯಿಸಬಾರದು. ಹಾಗಾಗಿ ಮುಂದಿನ ಸಲ ನಿಮ್ಮ ಮೆಚ್ಚಿನ ಹೋಟೆಲಿಗೆ ಹೋದಾಗ ತಿನ್ನುವುದಕ್ಕೆ ಮುಂಚೆ ಒಂದು ನಿಮಿಷ ಗಮನ ಕೊಟ್ಟು ನೋಡಿ. ದೋಸೆಯನ್ನು ಮಡಚಿದ್ದಾರೋ ಸುರುಳಿ ಸುತ್ತಿದ್ದಾರೋ? ಮುರಿದ ಅಂಚಿನಲ್ಲಿ ದಪ್ಪ ಎಷ್ಟಿದೆ? ಕೆಂಪು ಚಟ್ನಿ ಸವರಿದ್ದಾರೆಯೇ? ಬೆಣ್ಣೆಯ ಘಮವೋ ತುಪ್ಪದ್ದೋ? ಚಟ್ನಿ ನೀರಾಗಿದೆಯೋ ಗಟ್ಟಿಯೋ? ಅಡುಗೆ ಮನೆ ಕಾಣಿಸುವಂತಿದ್ದರೆ ದೋಸೆ ಹಾಕುವವರ ಕೈಯನ್ನು ಎರಡು ಸರದಿ ನೋಡಿ. ನೂರು ಪಾಕಪುಸ್ತಕಗಳಲ್ಲಿ ಸಿಗದ ಪಾಠ ಅದು.

ನಾನಿಲ್ಲಿ ಹೇಳುವುದು ಬೆಂಗಳೂರಿನ ಹಳೆಯ ಹೋಟೆಲುಗಳ ಕೆಂಪನೆಯ ಮಸಾಲೆ ದೋಸೆಯ ಬಗ್ಗೆ. ಮನೆಯಲ್ಲಿ ಹೆಚ್ಚಿನವರು ಕೈಸೋಲುವುದು ಅದರಲ್ಲೇ.

ಹಿಟ್ಟು

ಇನ್ನೂರು ಮಿಲಿ ಹಿಡಿಸುವ ಲೋಟದಲ್ಲಿ ಅಳೆದರೆ 3 ಲೋಟ ದೋಸೆ ಅಕ್ಕಿ, ಮುಕ್ಕಾಲು ಲೋಟ ಇಡೀ ಉದ್ದಿನಬೇಳೆ, ಅರ್ಧ ಲೋಟ ಅವಲಕ್ಕಿ, 2 ದೊಡ್ಡ ಚಮಚ ಕಡಲೆಬೇಳೆ, 1 ದೊಡ್ಡ ಚಮಚ ತೊಗರಿಬೇಳೆ, 1 ಸಣ್ಣ ಚಮಚ ಮೆಂತ್ಯ. ಸುಮಾರು ಹದಿನಾರು ದೋಸೆಗೆ ಇಷ್ಟು ಸಾಕು. ಅಕ್ಕಿ ಮತ್ತು ಉದ್ದಿನ ಪ್ರಮಾಣ ನಾಲ್ಕಕ್ಕೆ ಒಂದು ಎಂದು ನೆನಪಿಟ್ಟುಕೊಂಡರೆ ಮುಗಿಯಿತು. ಉದ್ದು ಹೆಚ್ಚಾದಷ್ಟೂ ದೋಸೆ ಮೆತ್ತಗಾಗುತ್ತದೆ. ಇಡ್ಲಿಗೆಂದು ರುಬ್ಬಿದ ಹಿಟ್ಟಿನಿಂದ ಹೋಟೆಲ್ ದೋಸೆ ಬಾರದಿರುವುದಕ್ಕೆ ಇದು ದೊಡ್ಡ ಕಾರಣ.

ಅಂಗಡಿಯಲ್ಲಿ ದೋಸೆ ಅಕ್ಕಿ ಎಂದೇ ಕೇಳಿ. ಸಿಗದಿದ್ದರೆ ರೇಷನ್ ಅಕ್ಕಿ ತುಂಬ ಚೆನ್ನಾಗಿ ಆಗುತ್ತದೆ. ಊಟದ ನಯವಾದ ಸೋನಾ ಮಸೂರಿಗಿಂತ ದಪ್ಪ ಅಕ್ಕಿಯೇ ವಾಸಿ. ಪೂರ್ತಿ ಕುಸುಬಲಕ್ಕಿ ಹಾಕಿದರೆ ಮೆದುತನ ಬರುತ್ತದೆಯೇ ಹೊರತು ಗರಿಗರಿ ಕಡಿಮೆಯಾಗುತ್ತದೆ. ಅಕ್ಕಿ ಹಳೆಯದಾಗಿದ್ದರೆ ಇನ್ನೂ ಒಳ್ಳೆಯದು.

ಉಳಿದ ಒಂದೊಂದಕ್ಕೂ ಒಂದು ಕೆಲಸವಿದೆ. ಉದ್ದಿನ ಲೋಳೆ ಮತ್ತು ಪ್ರೋಟೀನು ಸೇರಿ, ಹಿಟ್ಟು ಹುದುಗುವಾಗ ಹುಟ್ಟುವ ಗಾಳಿಯನ್ನು ಹಿಡಿದಿಡುತ್ತವೆ. ದೋಸೆಯ ಮೈಮೇಲೆ ತೂತು ಬೀಳುವುದು ಇದರಿಂದ. ಮೆಂತ್ಯದ ಲೋಳೆ ಅದಕ್ಕೆ ಒತ್ತಾಸೆಯಾಗುತ್ತದೆ, ಘಮವನ್ನೂ ಕೊಡುತ್ತದೆ. ಅವಲಕ್ಕಿ ಮೊದಲೇ ಬೆಂದು ಒಣಗಿದ ಅಕ್ಕಿಯಾದ್ದರಿಂದ ಹಿಟ್ಟಿಗೆ ಹದವಾದ ಅಂಟು ಕೊಟ್ಟು ತೆಳ್ಳಗೆ ಹರಡಲು ನೆರವಾಗುತ್ತದೆ. ಕಡಲೆಬೇಳೆ, ತೊಗರಿಬೇಳೆಗಳು ಬಣ್ಣಕ್ಕಾಗಿ. ಕಾವಿನಲ್ಲಿ ಪ್ರೋಟೀನು ಮತ್ತು ಸಕ್ಕರೆಯ ಅಂಶ ಸೇರಿದಾಗಲೇ ಆ ಹೊಂಬಣ್ಣ, ಆ ಸುವಾಸನೆ ಹುಟ್ಟುವುದು. ಬೇಳೆ ಹಾಕದ ದೋಸೆ ಬೆಳ್ಳಗೆ ಉಳಿಯುವುದು ಈ ಕಾರಣಕ್ಕೇ.

ಅಕ್ಕಿಯನ್ನೂ ಬೇಳೆಗಳನ್ನೂ ಒಂದು ಪಾತ್ರೆಯಲ್ಲಿ, ಉದ್ದು ಮೆಂತ್ಯವನ್ನು ಇನ್ನೊಂದರಲ್ಲಿ ಐದಾರು ಗಂಟೆ ನೆನೆಸಿ. ಅವಲಕ್ಕಿಯನ್ನು ರುಬ್ಬುವ ಅರ್ಧ ಗಂಟೆಗೆ ಮುಂಚೆ ನೆನೆಹಾಕಿದರೆ ಸಾಕು. ಉದ್ದನ್ನು ಮೊದಲು ರುಬ್ಬಿಕೊಳ್ಳಿ. ತಣ್ಣೀರನ್ನು ಸ್ವಲ್ಪ ಸ್ವಲ್ಪವೇ ಚಿಮುಕಿಸುತ್ತಾ, ಗ್ರೈಂಡರಿನಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ. ಒಂದು ಚಿಟಿಕೆ ಉದ್ದಿನ ಹಿಟ್ಟನ್ನು ನೀರಿಗೆ ಬಿಟ್ಟರೆ ತೇಲಬೇಕು. ಅಕ್ಕಿ, ಅವಲಕ್ಕಿಯನ್ನು ಪೂರ್ತಿ ನುಣ್ಣಗೆ ಮಾಡಬೇಡಿ. ಬೆರಳ ನಡುವೆ ಉಜ್ಜಿದರೆ ಚಿರೋಟಿ ರವೆಯಷ್ಟು ಸಣ್ಣ ತರಿ ಸಿಗಬೇಕು, ಅದೇ ಗರಿಗರಿಗೆ ಆಧಾರ. ಮಿಕ್ಸಿಯಲ್ಲಿ ರುಬ್ಬುವವರು ಫ್ರಿಜ್ಜಿನ ತಣ್ಣೀರು ಬಳಸಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಜಾರು ಬಿಸಿಯಾದರೆ ಉದ್ದು ಹಗುರವಾಗುವುದಿಲ್ಲ.

ಎರಡನ್ನೂ ಸೇರಿಸಿ ಕೈಯಿಂದಲೇ ಚೆನ್ನಾಗಿ ಕಲಸಿ, ಅರ್ಧ ಪಾತ್ರೆ ಖಾಲಿ ಉಳಿಯುವಂತೆ ದೊಡ್ಡ ಪಾತ್ರೆಯಲ್ಲಿ ಮುಚ್ಚಿಡಿ. ಹುದುಗಿಸುವ ಜೀವಾಣುಗಳು ಮುಖ್ಯವಾಗಿ ಉದ್ದಿನ ಜೊತೆಗೇ ಬಂದಿರುತ್ತವೆ. ಅವಕ್ಕೆ ಬೇಕಾದ್ದು ಬೆಚ್ಚನೆಯ ಜಾಗ ಮಾತ್ರ, ಸುಮಾರು 28ರಿಂದ 32 ಡಿಗ್ರಿ. ಬೇಸಿಗೆಯಲ್ಲಿ ಎಂಟು ಗಂಟೆಗೇ ಹಿಟ್ಟು ಉಬ್ಬುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಹದಿನಾಲ್ಕು ಗಂಟೆಯೂ ಹಿಡಿಯಬಹುದು. ಉಪ್ಪು ಹುದುಗುವುದನ್ನು ನಿಧಾನ ಮಾಡುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಹಿಟ್ಟು ಉಬ್ಬಿದ ಮೇಲೆ ಉಪ್ಪು ಹಾಕಿ, ಬೇಸಿಗೆಯಲ್ಲಿ ರುಬ್ಬಿದ ಕೂಡಲೇ ಹಾಕಿ.

ಇಲ್ಲಿ ಹೋಟೆಲಿನವರಿಗೆ ಗೊತ್ತಿರುವ, ಮನೆಯಲ್ಲಿ ನಾವು ಲೆಕ್ಕಿಸದ ಒಂದು ಸಂಗತಿ ಇದೆ. ಹಿಟ್ಟು ಉಬ್ಬಬೇಕು, ಆದರೆ ಹುಳಿಯಾಗಬಾರದು. ಹುಳಿ ಏರುತ್ತಾ ಹೋದಂತೆ ಜೀವಾಣುಗಳು ಹಿಟ್ಟಿನಲ್ಲಿರುವ ಸಕ್ಕರೆಯ ಅಂಶವನ್ನು ತಿಂದು ಮುಗಿಸುತ್ತವೆ. ಹುಳಿಯಲ್ಲಿ ಹೊಂಬಣ್ಣವೂ ಸರಿಯಾಗಿ ಏರುವುದಿಲ್ಲ. ಮೂರನೆಯ ದಿನದ ಹಿಟ್ಟಿನಿಂದ ಎಷ್ಟು ಹೊತ್ತು ಕಾಯಿಸಿದರೂ ದೋಸೆ ಬೆಳ್ಳಗೇ ಉಳಿಯುವುದು ಇದಕ್ಕೇ. ಹಿಟ್ಟು ಒಂದೂಮುಕ್ಕಾಲು ಪಟ್ಟು ಉಬ್ಬಿ, ಮೇಲೆ ಗುಳ್ಳೆ ಕಾಣಿಸಿಕೊಂಡು, ನಾಲಗೆಗೆ ಹುಳಿ ತಾಗಿಯೂ ತಾಗದಂತಿರುವಾಗಲೇ ಬೇಕಾದಷ್ಟನ್ನು ತೆಗೆದುಕೊಂಡು ಉಳಿದದ್ದನ್ನು ಫ್ರಿಜ್ಜಿಗೆ ಸೇರಿಸಿ. ಹೊಯ್ಯುವ ಹಿಟ್ಟಿಗೆ ಆ ಹೊತ್ತಿನಲ್ಲಿ ಅರ್ಧ ಚಮಚ ಸಕ್ಕರೆ ಕಲಸಿದರೆ ಬಣ್ಣಕ್ಕೆ ಬೇಕಾದ್ದು ಸಿಗುತ್ತದೆ, ಸಿಹಿ ಗೊತ್ತಾಗುವುದಿಲ್ಲ. ಹುಳಿ ಆಗಿಯೇಬಿಟ್ಟಿದ್ದರೆ ಒಂದು ಸಣ್ಣ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹುಳಿ ತಗ್ಗಿ ಬಣ್ಣ ಬರುತ್ತದೆ. ಇದು ತುರ್ತಿನ ಉಪಾಯ, ದಿನದ ರೂಢಿ ಮಾಡಿಕೊಳ್ಳುವಂಥದ್ದಲ್ಲ.

ಹಿಟ್ಟಿನ ಹದ ಇಡ್ಲಿ ಹಿಟ್ಟಿಗಿಂತ ತೆಳುವಾಗಿರಬೇಕು, ನೀರು ದೋಸೆಯಷ್ಟು ನೀರಾಗಬಾರದು. ಸೌಟಿನಿಂದ ಸುರಿದರೆ ಕಡಿಯದೆ ಎಳೆಯಾಗಿ ಇಳಿಯಬೇಕು. ಫ್ರಿಜ್ಜಿನಿಂದ ತೆಗೆದ ಹಿಟ್ಟನ್ನು ತಕ್ಷಣ ಹೊಯ್ಯಬೇಡಿ, ಒಂದು ಗಂಟೆ ಹೊರಗಿಡಿ. ತಣ್ಣನೆಯ ಹಿಟ್ಟು ಕಾವಲಿಯ ಕಾವನ್ನು ಒಮ್ಮೆಲೇ ಎಳೆದುಕೊಂಡು ಅಂಟಿ ಕೂರುತ್ತದೆ.

ಕಾವಲಿ

ಹೋಟೆಲಿನ ದೋಸೆ ಕಲ್ಲನ್ನು ನೋಡಿ. ಹೆಸರಿಗೆ ಕಲ್ಲು, ಈಗ ಅದು ಎರಡು ಬೆರಳಿನಷ್ಟು ದಪ್ಪವಿರುವ ಕಬ್ಬಿಣದ ಹಲಗೆ. ಕೆಳಗೆ ಉದ್ದಕ್ಕೂ ಉರಿ. ಬೆಳಗ್ಗೆ ಐದಕ್ಕೆ ಹಚ್ಚಿದರೆ ಮಧ್ಯಾಹ್ನದವರೆಗೆ ಆರುವುದಿಲ್ಲ. ಅಷ್ಟು ಕಬ್ಬಿಣ ಅಷ್ಟು ಹೊತ್ತು ಕುಡಿದ ಕಾವು ಒಂದು ಸೌಟು ಹಿಟ್ಟಿಗೆ ಜಗ್ಗುವುದಿಲ್ಲ. ಹಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಆ ನೀರು ಆವಿಯಾಗುವವರೆಗೆ ದೋಸೆಯ ಕಾವು ನೂರು ಡಿಗ್ರಿ ದಾಟುವುದಿಲ್ಲ. ದಾಟಿ 140 ಡಿಗ್ರಿಯ ಆಸುಪಾಸಿಗೆ ಬಂದ ಮೇಲೆಯೇ ಕೆಂಪು ಬಣ್ಣ ಏರಲು ತೊಡಗುತ್ತದೆ. ಹೋಟೆಲಿನ ಹಲಗೆ ಆ ನೀರನ್ನು ಬೇಗ ಓಡಿಸಿ ಬಣ್ಣಕ್ಕೆ ಹೊತ್ತು ಉಳಿಸಿಕೊಡುತ್ತದೆ. ಮನೆಯ ತೆಳು ತವಾ ಹಿಟ್ಟು ಬಿದ್ದ ಕೂಡಲೇ ತಣ್ಣಗಾಗುತ್ತದೆ. ಮತ್ತೆ ಕಾಯುವಷ್ಟರಲ್ಲಿ ದೋಸೆ ಬೆಂದಿರುತ್ತದೆ, ಆದರೆ ಕೆಂಪಾಗಿರುವುದಿಲ್ಲ.

ಹಾಗಾಗಿ ಏನಾದರೂ ಖರೀದಿಸುವುದಿದ್ದರೆ ಒಂದು ಬೀಡಿನ ಕಾವಲಿಗೆ ದುಡ್ಡು ಹಾಕಿ. ಹನ್ನೊಂದು ಹನ್ನೆರಡು ಅಂಗುಲ ಅಗಲ, ನಾಲ್ಕೈದು ಮಿಲಿಮೀಟರ್ ದಪ್ಪ, ತಳ ಸಪಾಟಾಗಿರಲಿ. ಕೈಯಲ್ಲಿ ಹಿಡಿದರೆ ಭಾರ ಎನ್ನಿಸಬೇಕು. ಹೊಸ ಕಾವಲಿಯನ್ನು ತೊಳೆದು ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಹೊಗೆಯಾಡುವವರೆಗೆ ಕಾಯಿಸಿ ಆರಿಸಿ. ನಾಲ್ಕೈದು ಸಲ ಹೀಗೆ ಮಾಡಿದರೆ ಮೇಲೆ ಕಪ್ಪು ನುಣುಪು ಕೂರುತ್ತದೆ. ಅದು ಪಳಗಿದ ಮೇಲೆ ಸೋಪು ಹಾಕಿ ಉಜ್ಜಬೇಡಿ, ಬಿಸಿ ನೀರಿನಲ್ಲಿ ಒರೆಸಿ ಎಣ್ಣೆ ಕೈ ಆಡಿಸಿಡಿ. ಅದೇ ಕಾವಲಿಯಲ್ಲಿ ಚಪಾತಿ ಬೇಯಿಸಬೇಡಿ. ಚಪಾತಿಗೆ ಕಾವಲಿಯನ್ನು ಒಣಗಿದ್ದಂತೆಯೇ ಜೋರಾಗಿ ಕಾಯಿಸುತ್ತೇವೆ, ಉದುರಿದ ಹಿಟ್ಟೂ ಅಲ್ಲೇ ಸೀದು ಹಿಡಿಯುತ್ತದೆ. ಮರುದಿನ ದೋಸೆ ಏಳಲು ಹಟ ಮಾಡುತ್ತದೆ. ನಮ್ಮ ಅಜ್ಜಿಯರು ದೋಸೆ ಕಾವಲಿಯನ್ನು ಬೇರೆಯೇ ಇಟ್ಟುಕೊಳ್ಳುತ್ತಿದ್ದದ್ದು ಅನುಭವದ ವಿವೇಕ.

ಬೀಡಿನ ಕಾವಲಿ ನಿಧಾನವಾಗಿ ಕಾಯುತ್ತದೆ. ಜೋರು ಉರಿಯಲ್ಲಿ ಎರಡು ನಿಮಿಷ ಕಾಯಿಸಿದರೆ ನಡುಭಾಗ ಮಾತ್ರ ಸುಡುತ್ತದೆ, ಅಂಚು ಬೆಚ್ಚಗೂ ಆಗಿರುವುದಿಲ್ಲ. ನಡು ಉರಿಯಲ್ಲಿ ಏಳೆಂಟು ನಿಮಿಷ ಬಿಡಿ, ನಡುನಡುವೆ ಕಾವಲಿಯನ್ನು ಅತ್ತಿತ್ತ ಸರಿಸಿ. ಅಷ್ಟು ಹೊತ್ತು ಪಲ್ಯ ಬಿಸಿ ಮಾಡಿಕೊಳ್ಳಿ.

ಕಾವು ಸರಿಯಾಗಿದೆಯೇ ಎಂದು ನೀರೇ ಹೇಳುತ್ತದೆ. ನಾಲ್ಕು ಹನಿ ಚಿಮುಕಿಸಿ. ಹನಿ ಅಲ್ಲೇ ಕೂತು ನಿಧಾನವಾಗಿ ಗುಳ್ಳೆಯೆದ್ದರೆ ಇನ್ನೂ ಕಾಯಬೇಕು. ‘ಚುಂಯ್’ ಎಂದು ಕ್ಷಣದಲ್ಲಿ ಆರಿಹೋದರೆ ಹದ ಹತ್ತಿರ ಬಂದಿದೆ. ಹನಿ ಮುತ್ತಿನಂತೆ ಉರುಟಾಗಿ ಓಡಾಡತೊಡಗಿದರೆ ಕಾವಲಿ ಸುಮಾರು 200 ಡಿಗ್ರಿ ದಾಟಿದೆ ಎಂದರ್ಥ. ಆಗ ಹಿಟ್ಟು ಹೊಯ್ದರೆ ಬಿದ್ದಲ್ಲೇ ಹಿಡಿದುಕೊಂಡು ಸೌಟಿನ ಜೊತೆ ಮುದ್ದೆಮುದ್ದೆಯಾಗಿ ಎದ್ದು ಬರುತ್ತದೆ. ಹೋಟೆಲಿನವರು ಪ್ರತಿ ಸರದಿಗೆ ಮುಂಚೆ ಚೊಂಬಿನಿಂದ ನೀರು ಎರಚಿ ಕಡ್ಡಿ ಪೊರಕೆಯಿಂದ ಗುಡಿಸುತ್ತಾರಲ್ಲ, ಅದು ಬರೀ ಸ್ವಚ್ಛ ಮಾಡುವುದಕ್ಕಲ್ಲ. ಒಳಗಿನ ಕಾವು ಹಾಗೇ ಇದ್ದು, ಮೇಲ್ಮೈ ಮಾತ್ರ ಕೆಲವು ಕ್ಷಣ ತಣಿಯುತ್ತದೆ. ಆ ಕೆಲವು ಕ್ಷಣಗಳಲ್ಲಿ ಹಿಟ್ಟು ಹಿಡಿಯದೆ ತೆಳ್ಳಗೆ ಹರಡುತ್ತದೆ, ಹರಡಿ ಮುಗಿಯುವಷ್ಟರಲ್ಲಿ ಒಳಗಿನ ಕಾವು ಮೇಲೆ ಬಂದು ಕೆಲಸ ಶುರು ಮಾಡುತ್ತದೆ. ಈ ಒಂದು ಸೂಕ್ಷ್ಮ ಕೈಗೆ ಬಂದರೆ ದೋಸೆ ಅರ್ಧ ಬಂದ ಹಾಗೆ.

ಮನೆಯಲ್ಲಿ ಹೀಗೆ ಮಾಡಿ. ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ, ಎಣ್ಣೆಯಲ್ಲಿ ಅದ್ದಿ ಖಾಲಿ ಕಾವಲಿಯ ಮೇಲೆಲ್ಲ ಉಜ್ಜಿ. ಎಣ್ಣೆ ಹೊಳೆಯಬಾರದು, ಸೋಕಿದಂತಿರಬೇಕು. ಹೊಳೆಯುವಷ್ಟು ಎಣ್ಣೆಯಿದ್ದರೆ ಹಿಟ್ಟು ಜಾರುತ್ತದೆ, ಸೌಟು ತಿರುಗಿಸಿದತ್ತ ಇಡೀ ದೋಸೆ ತಿರುಗುತ್ತದೆ. ಉರಿ ಸಣ್ಣ ಮಾಡಿ, ಕಾಲು ಲೋಟದಷ್ಟು ನೀರು ಚಿಮುಕಿಸಿ, ಮಡಚಿದ ಒದ್ದೆ ಬಟ್ಟೆಯಿಂದ ಒಂದೇ ಸುತ್ತು ಒರೆಸಿ. ಆವಿ ಏಳುತ್ತದೆ, ಕೈ ಜೋಪಾನ. ಆವಿ ನಿಂತ ಕೂಡಲೇ ನಡುವಿಗೆ ಒಂದು ಸೌಟು ಹಿಟ್ಟು ಹೊಯ್ದು, ಸೌಟಿನ ತಳದಿಂದ ಒಳಗಿನಿಂದ ಹೊರಕ್ಕೆ ಸುತ್ತುತ್ತಾ ಹರಡಿ. ಒತ್ತಬೇಡಿ, ಸೌಟಿನ ಭಾರವೇ ಸಾಕು. ಐದಾರು ಸೆಕೆಂಡಿನಲ್ಲಿ ಮುಗಿಯಬೇಕು. ಎಲ್ಲಾದರೂ ತೂತು ಉಳಿದರೆ ಹಿಂದಕ್ಕೆ ಹೋಗಿ ತೇಪೆ ಹಾಕಬೇಡಿ, ಹಾಗೇ ಇರಲಿ. ದುಂಡು ತಳದ ಸೌಟಿಗಿಂತ ಸಪಾಟು ತಳದ ಸಣ್ಣ ಬಟ್ಟಲಿನಿಂದ ಹರಡುವುದು ಸುಲಭ. ಅನೇಕ ಹೋಟೆಲುಗಳಲ್ಲಿ ಬಳಸುವುದೂ ಅದನ್ನೇ.

ಈಗ ಉರಿ ಏರಿಸಿ. ತೂತುಗಳು ಏಳುತ್ತವೆ, ಹಸಿ ಹಿಟ್ಟಿನ ಹೊಳಪು ನಿಧಾನವಾಗಿ ಮಾಯವಾಗುತ್ತದೆ. ಹೊಳಪು ಪೂರ್ತಿ ಹೋಗುವವರೆಗೆ ತುಪ್ಪ, ಬೆಣ್ಣೆ, ಚಟ್ನಿ ಯಾವುದನ್ನೂ ಮುಟ್ಟಬೇಡಿ. ಅವಸರ ಮಾಡಿದರೆ ಚಟ್ನಿ ಹಸಿ ಹಿಟ್ಟಿನೊಂದಿಗೆ ಕಲಸಿಕೊಂಡು ದೋಸೆ ಅಲ್ಲೇ ಮೆತ್ತಗಾಗುತ್ತದೆ. ಮುಚ್ಚಳವನ್ನಂತೂ ಹಾಕಲೇಬೇಡಿ. ಓಡಿಸಬೇಕಾದ ಆವಿಯನ್ನು ಅದು ಒಳಗೇ ಕೂಡಿಹಾಕುತ್ತದೆ.

ಮೇಲ್ಮೈ ಒಣಗಿದ ಮೇಲೆ ಒಂದು ದೊಡ್ಡ ಚಮಚ ಬೆಣ್ಣೆ. ಉಪ್ಪಿಲ್ಲದ ಬಿಳಿ ಬೆಣ್ಣೆಯಾದರೆ ಉತ್ತಮ. ಬೆಣ್ಣೆಯಲ್ಲಿರುವ ಹಾಲಿನ ಅಂಶ ಕಾವಲಿಗೆ ಇಳಿದು ಕೆಂಪಾಗುವಾಗ ಬರುವ ಘಮವನ್ನು ಬರೀ ಎಣ್ಣೆ ಎಂದೂ ಕೊಡಲಾರದು. ಆದರೆ ಬೆಣ್ಣೆ ಬೇಗ ಸೀಯುತ್ತದೆ. ಅರ್ಧ ಬೆಣ್ಣೆ ಅರ್ಧ ತುಪ್ಪ ಸೇರಿಸಿಟ್ಟುಕೊಂಡರೆ ಎರಡರ ಗುಣವೂ ಸಿಗುತ್ತದೆ. ಅಂಚಿನ ಸುತ್ತ ಸ್ವಲ್ಪ, ತೂತುಗಳೊಳಗೆ ಇಳಿಯುವಂತೆ ಮೇಲೆ ಸ್ವಲ್ಪ. ಇಲ್ಲಿ ಜಿಪುಣತನ ಮಾಡಿದರೆ ಹೋಟೆಲಿನ ರುಚಿಯನ್ನು ಮರೆತುಬಿಡಬೇಕಾಗುತ್ತದೆ.

ನಂತರ ಉರಿಯನ್ನು ನಡುಮಟ್ಟಕ್ಕೆ ತನ್ನಿ, ಕಾವಲಿಯನ್ನು ಒಲೆಯ ಮೇಲೆ ಸರಿಸಲು ತೊಡಗಿ. ಮನೆಯ ಗ್ಯಾಸಿನ ಉರಿ ಅಂಗೈ ಅಗಲ, ದೋಸೆ ಹನ್ನೊಂದು ಅಂಗುಲ. ಆದ್ದರಿಂದ ಕಾವಲಿಯ ಒಂದೊಂದು ಕಾಲುಭಾಗವೂ ಉರಿಯ ಮೇಲೆ ಬರುವಂತೆ ಅರೆ ನಿಮಿಷಕ್ಕೊಮ್ಮೆ ಜರುಗಿಸಿ. ಅಂಚಿಗೂ ನಡುವಿಗೂ ಒಂದೇ ಬಣ್ಣ ಬರಲು ನಾನು ಕಂಡ ಉಪಾಯ ಇದೊಂದೇ. ಒಟ್ಟು ಎರಡೂವರೆಯಿಂದ ಮೂರೂವರೆ ನಿಮಿಷ ಹಿಡಿಯುತ್ತದೆ. ದೋಸೆ ತಾನಾಗಿ ಅಂಚು ಬಿಡುತ್ತದೆ, ತೂತುಗಳ ಮೂಲಕ ಕೆಳಗಿನ ಕೆಂಪು ಇಣುಕುತ್ತದೆ. ಮಗುಚುವ ಕೈಯನ್ನು ಆಗ ಮಾತ್ರ ಒಳಗೆ ತೂರಿಸಿ. ಮಸಾಲೆ ದೋಸೆಯನ್ನು ಮಗುಚಿ ಹಾಕುವುದಿಲ್ಲ, ಒಂದೇ ಮೈ ಬೇಯಬೇಕು.

ಮುಂದಿನ ದೋಸೆಗೆ ಮುಂಚೆ ಅರ್ಧ ನಿಮಿಷ ಕಾವಲಿಗೆ ಬಿಡುವು ಕೊಟ್ಟು, ಮತ್ತೆ ನೀರು, ಮತ್ತೆ ಬಟ್ಟೆ. ಎಣ್ಣೆ ಪ್ರತಿ ಸಲ ಬೇಕಿಲ್ಲ. ಮೂರನೆಯ ದೋಸೆಯಿಂದಾಚೆಗೆ ಕಾವಲಿ ಹದಕ್ಕೆ ಬಂದು ಎಲ್ಲವೂ ಸಲೀಸಾಗುತ್ತದೆ.

ನಾನ್‌ಸ್ಟಿಕ್ ತವಾ ಮಾತ್ರ ಇದ್ದರೆ? ಆಗುತ್ತದೆ, ಆದರೆ ವಿಧಾನ ಸ್ವಲ್ಪ ಬೇರೆ. ಅದನ್ನು ಖಾಲಿಯಾಗಿ ಜೋರು ಉರಿಯಲ್ಲಿ ಕಾಯಿಸಬಾರದು, ಲೇಪ ಹಾಳಾಗುತ್ತದೆ. ಎಣ್ಣೆ ಸವರಲೇಬೇಡಿ, ಹಿಟ್ಟು ನಿಲ್ಲದೆ ಜಾರುತ್ತದೆ. ಸಣ್ಣ ಉರಿಯಲ್ಲಿ ಹರಡಿ, ಆಮೇಲೆ ಉರಿ ಏರಿಸಿ, ಬಣ್ಣಕ್ಕೆ ಇನ್ನೂ ಒಂದು ನಿಮಿಷ ಹೆಚ್ಚು ಕಾಯಿರಿ. ಬಣ್ಣ ಬರುತ್ತದೆ, ಬೀಡಿನ ಕಾವಲಿಯ ಘಮ ಬರುವುದಿಲ್ಲ.

ಕೆಂಪು ಚಟ್ನಿ, ಪಲ್ಯ, ಕಾಯಿ ಚಟ್ನಿ

ದೋಸೆಯ ಒಳಮೈಗೆ ಸವರುವ ಕೆಂಪು ಚಟ್ನಿಗೆ ಬ್ಯಾಡಗಿ ಮೆಣಸಿನಕಾಯಿಯೇ ಆಗಬೇಕು. ಹಾವೇರಿ ಸೀಮೆಯ ಈ ಸುಕ್ಕು ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಧಾರಾಳವಾಗಿ ಸವರಿದರೂ ಬಾಯಿ ಉರಿಯುವುದಿಲ್ಲ. ಎಂಟು ಹತ್ತು ಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಆರೇಳು ಎಸಳು ಬೆಳ್ಳುಳ್ಳಿ, 2 ದೊಡ್ಡ ಚಮಚ ಹುರಿಗಡಲೆ, ಗೋಲಿಗಾತ್ರದ ಹುಣಸೆಹಣ್ಣು, ಉಪ್ಪು ಸೇರಿಸಿ ಆದಷ್ಟು ಕಡಿಮೆ ನೀರಿನಲ್ಲಿ ನುಣ್ಣಗೆ ರುಬ್ಬಿ. ಚಟ್ನಿ ನೀರಾದರೆ ಗರಿಗರಿ ಹಾಳು. ಒಂದು ದೋಸೆಗೆ ಒಂದು ಚಮಚ ಸಾಕು. ಬೆಣ್ಣೆ ಕರಗಿದ ಮೇಲೆ ಚಮಚದ ಬೆನ್ನಿನಿಂದ ತೆಳ್ಳಗೆ ಸವರಿ. ಬೆಳ್ಳುಳ್ಳಿ ತಿನ್ನದವರು ಅದನ್ನು ಬಿಟ್ಟು ಚೂರು ಇಂಗು ಹಾಕಿಕೊಳ್ಳಬಹುದು.

ಪಲ್ಯದಲ್ಲಿ ಮನೆಯವರು ಮಾಡುವ ತಪ್ಪು ಎಂದರೆ ಈರುಳ್ಳಿಯನ್ನು ಕೆಂಪಗೆ ಹುರಿಯುವುದು. ಹೋಟೆಲಿನ ಪಲ್ಯದ ಈರುಳ್ಳಿ ಬೆಳ್ಳಗೆ, ಮೆತ್ತಗೆ ಬೆಂದಿರುತ್ತದೆ, ಪ್ರಮಾಣವೂ ಹೆಚ್ಚು. ನಾಲ್ಕು ಆಲೂಗಡ್ಡೆಗೆ ಎರಡು ದೊಡ್ಡ ಈರುಳ್ಳಿ. ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಕರಿಬೇವು, ಹಸಿಮೆಣಸಿನಕಾಯಿ, ಶುಂಠಿಯ ಒಗ್ಗರಣೆಗೆ ಉದ್ದುದ್ದ ಹೆಚ್ಚಿದ ಈರುಳ್ಳಿ, ಉಪ್ಪು, ಅರಿಸಿನ ಹಾಕಿ, ಅರ್ಧ ಲೋಟ ನೀರು ಬಿಟ್ಟು ಮುಚ್ಚಿ ಬೇಯಿಸಿ. ಬೇಯಿಸಿದ ಆಲೂಗಡ್ಡೆಯಲ್ಲಿ ಅರ್ಧವನ್ನು ಹಿಸುಕಿ, ಅರ್ಧವನ್ನು ಕೈಯಿಂದ ದಪ್ಪ ಚೂರುಗಳಾಗಿ ಮುರಿದು ಸೇರಿಸಿ. ಹಿಸುಕಿದ್ದು ಪಲ್ಯವನ್ನು ಒಂದುಗೂಡಿಸುತ್ತದೆ, ಚೂರುಗಳು ಬಾಯಿಗೆ ಸಿಗುತ್ತವೆ. ಕೊನೆಗೆ ನಿಂಬೆರಸ, ಕೊತ್ತಂಬರಿ ಸೊಪ್ಪು. ಹಿಂದಿನ ದಿನ ಬೇಯಿಸಿ ತಣ್ಣಗಾದ ಆಲೂಗಡ್ಡೆ ಅಂಟಂಟಾಗುವುದಿಲ್ಲ. ದೋಸೆಗೆ ಇಡುವಾಗ ಪಲ್ಯ ಬಿಸಿಯಾಗಿರಬೇಕು, ಆದರೆ ಆವಿ ಹೋಗಿರಬೇಕು.

ಕಾಯಿ ಚಟ್ನಿಗೆ ಹಸಿ ತೆಂಗಿನಕಾಯಿಯ ಬಿಳಿ ಭಾಗ ಮಾತ್ರ, ಅದರ ಅರ್ಧದಷ್ಟು ಹುರಿಗಡಲೆ, ಹಸಿಮೆಣಸಿನಕಾಯಿ, ಚೂರು ಶುಂಠಿ, ಚೂರು ಹುಣಸೆ, ಉಪ್ಪು. ತಣ್ಣೀರಿನಲ್ಲಿ ರುಬ್ಬಿ, ಮನೆಯಲ್ಲಿ ಮಾಡುವುದಕ್ಕಿಂತ ತೆಳ್ಳಗೆ ಮಾಡಿ. ಸಾಸಿವೆ ಇಂಗಿನ ಒಗ್ಗರಣೆ ಸಾಕು.

ತಟ್ಟೆಗೆ ಬಂದ ಮೇಲೆ

ಬಿಸಿ ದೋಸೆಯನ್ನು ತಣ್ಣನೆಯ ಸ್ಟೀಲ್ ತಟ್ಟೆಗೆ ಹಾಕಿದರೆ ಅದರ ಆವಿ ತಟ್ಟೆಗೆ ತಗುಲಿ ನೀರಾಗಿ, ಕಷ್ಟಪಟ್ಟು ತಂದ ಗರಿಗರಿಯನ್ನು ಕೆಳಗಿನಿಂದಲೇ ತಿನ್ನುತ್ತದೆ. ತಟ್ಟೆಯ ಮೇಲೆ ಬಾಳೆಲೆ ಚೂರು ಹಾಸಿ, ಇಲ್ಲವೇ ತಟ್ಟೆಯನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿ. ದೋಸೆ ಮಾಡಿಟ್ಟು ಎಲ್ಲರನ್ನೂ ಕರೆಯುವ ಕ್ರಮ ಇಲ್ಲಿ ನಡೆಯದು. ತಿನ್ನುವವರು ಮೊದಲು ಬಂದು ಕೂರಬೇಕು, ದೋಸೆ ಒಂದೊಂದಾಗಿ ಅವರ ಹತ್ತಿರ ಬರಬೇಕು. ಕಾವಲಿಯ ಮುಂದೆ ನಿಂತವರಿಗೆ ಕೊನೆಗೆ ಒಬ್ಬರು ಹಾಕಿಕೊಡುವುದೂ ಅಷ್ಟೇ ಮುಖ್ಯ. ಮನೆಯ ಮಕ್ಕಳಿಗೆ ಈ ಸರದಿಯನ್ನು ಕಲಿಸಿ. ಎರಡು ವಾರದಲ್ಲಿ ಅವರ ಕೈ ನಿಮ್ಮದಕ್ಕಿಂತ ಚೆನ್ನಾಗಿ ತಿರುಗುತ್ತದೆ.

ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡಿಗರಿಗೆ ದೊಡ್ಡ ತೊಡಕು ಚಳಿ. ಹಿಟ್ಟಿನ ಪಾತ್ರೆಯನ್ನು ಓವನ್ನಿನೊಳಗೆ ಇಟ್ಟು, ಓವನ್ ಹಚ್ಚದೆ ಒಳಗಿನ ದೀಪ ಮಾತ್ರ ಉರಿಸಿ. ಅಷ್ಟು ಬೆಚ್ಚಗಾದರೆ ಸಾಕು. ಹಿಟ್ಟು ಉಕ್ಕಿದರೆ ಓವನ್ ಗಲೀಜಾಗದಂತೆ ಕೆಳಗೆ ಒಂದು ತಟ್ಟೆ ಇಡಿ. ಇಂಡಕ್ಷನ್ ಒಲೆಗೆ ಬೀಡಿನ ಕಾವಲಿ ಚೆನ್ನಾಗಿ ಒಗ್ಗುತ್ತದೆ, ಆದರೆ ಕಡಿಮೆ ಮಟ್ಟದಲ್ಲಿ ಹತ್ತು ನಿಮಿಷ ಕಾಯಿಸಿ. ಒಮ್ಮೆಲೇ ಜೋರು ಮಾಡಿದರೆ ನಡುಭಾಗ ಸುಟ್ಟು, ಕಾವಲಿ ಸೀಳುವ ಸಂಭವವೂ ಇದೆ. ಗಾಜಿನ ಒಲೆಯ ಮೇಲೆ ಕಾವಲಿಯನ್ನು ಎಳೆಯದೆ ಎತ್ತಿ ಸರಿಸಿ, ಗೀರು ಬೀಳುತ್ತದೆ. ಅಲ್ಲಿಯ ಭಾರತೀಯ ಅಂಗಡಿಗಳಲ್ಲಿ ಇಡ್ಲಿ ಅಕ್ಕಿ ಸಿಗುತ್ತದೆ. ಅದು ಕುಸುಬಲು ಜಾತಿಯದಾದ್ದರಿಂದ ಅರ್ಧ ಅದು, ಅರ್ಧ ಸೋನಾ ಮಸೂರಿ ಬೆರೆಸಿಕೊಳ್ಳಿ.

ಎರಡನೆಯ ದಿನವೂ ಹಿಟ್ಟು ದೋಸೆಗೆ ಚೆನ್ನಾಗಿರುತ್ತದೆ. ಮೂರನೆಯ ದಿನಕ್ಕೆ ಹುಳಿ ಏರಿದ್ದರೆ ಅದನ್ನು ಮತ್ತೆ ದೋಸೆಗೆ ದುಡಿಸಬೇಡಿ. ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕಾಯಿ ಚೂರು ಕಲಸಿ, ಪಡ್ಡಿನ ಕಾವಲಿಯ ಗುಳಿಗಳಿಗೆ ಎಣ್ಣೆ ಬಿಟ್ಟು ಹೊಯ್ಯಿರಿ. ಉಳಿದ ಕೆಂಪು ಚಟ್ನಿ ಅದರ ಜೊತೆಗೆ ಚೆನ್ನಾಗಿ ಹೊಂದುತ್ತದೆ.